ಒಲೆ ಹಚ್ಚದ ಅಡುಗೆ

ಸೌದೆ, ಗ್ಯಾಸ್, ವಿದ್ಯುತ್ತು ಯಾವುದರ ಶಾಖವನ್ನೂ ಬಳಸದೆ ಮನೆಯಲ್ಲಿ ಸಿದ್ಧಪಡಿಸುವ ತಿನಿಸು ಮತ್ತು ಪಾನೀಯಗಳು ಒಲೆ ಹಚ್ಚದ ಅಡುಗೆ ಎನಿಸುತ್ತವೆ. ನೆನೆಸುವುದು, ಹೆಚ್ಚುವುದು, ತುರಿಯುವುದು, ಕುಟ್ಟುವುದು, ರುಬ್ಬುವುದು, ಹಿಂಡುವುದು, ಕಲಸುವುದು, ಹೆಪ್ಪು ಹಾಕುವುದು ಇದರ ಮುಖ್ಯ ಕೆಲಸಗಳು. ಕೋಸಂಬರಿ, ಪಾನಕ, ನೀರು ಮಜ್ಜಿಗೆ, ಹಸಿ ತಂಬುಳಿ, ಸಾಸಿವೆ, ಪಚಡಿ, ರಸಾಯನ, ಸೀಕರಣೆ, ಹಚ್ಚಿದ ಅವಲಕ್ಕಿ, ಚುರುಮುರಿ, ಚಿಗಳಿ ಮತ್ತು ಪಂಚಕಜ್ಜಾಯ ಕರ್ನಾಟಕದಲ್ಲಿ ಬಳಕೆಯಲ್ಲಿರುವ ಪ್ರಮುಖ ಬಗೆಗಳು. ಬೇಸಿಗೆಯ ಊಟ, ಹಬ್ಬದ ನೈವೇದ್ಯ, ಪ್ರಯಾಣದ ಬುತ್ತಿ, ವಿದ್ಯಾರ್ಥಿಗಳ ಕೋಣೆ, ಶಾಲೆಯ ಸ್ಪರ್ಧೆ ಹೀಗೆ ಹಲವು ಸಂದರ್ಭಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

ವ್ಯಾಪ್ತಿ

ಈ ಅಡುಗೆಯಲ್ಲಿ ಎರಡು ವರ್ಗಗಳಿವೆ. ಮೊದಲನೆಯದರಲ್ಲಿ ಪದಾರ್ಥಗಳು ಬಹುಮಟ್ಟಿಗೆ ಹಸಿಯಾಗಿಯೇ ಇರುತ್ತವೆ: ಸೌತೆಕಾಯಿ, ತೆಂಗಿನಕಾಯಿ, ಸೊಪ್ಪು, ಹಣ್ಣು, ನೆನೆಸಿದ ಬೇಳೆ. ಎರಡನೆಯದರಲ್ಲಿ ಪದಾರ್ಥ ಮನೆಗೆ ಬರುವ ಮೊದಲೇ ಶಾಖ ಕಂಡಿರುತ್ತದೆ. ಭತ್ತವನ್ನು ನೆನೆಸಿ, ಹುರಿದು, ಬಿಸಿಯಾಗಿರುವಾಗಲೇ ಕುಟ್ಟಿದರೆ ಅವಲಕ್ಕಿ. ಅಕ್ಕಿಯನ್ನು ಹದಮಾಡಿ ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ. ಹುರಿಗಡಲೆ, ರಾಗಿ ಹುರಿಹಿಟ್ಟು, ಬೆಲ್ಲ, ಚಟ್ನಿಪುಡಿ ಮತ್ತು ಕಾಯಿಸಿ ಹೆಪ್ಪು ಹಾಕಿದ ಮೊಸರು ಕೂಡ ಇದೇ ಗುಂಪಿನವು. ಬೆಂದಿರುವ ಪದಾರ್ಥವನ್ನು ಕೇವಲ ನೆನೆಸಿಯೋ ಕಲಸಿಯೋ ತಿನ್ನುವುದರಿಂದ ಇವು ಹೊಟ್ಟೆ ತುಂಬಿಸುವ ಊಟವೂ ಆಗಬಲ್ಲವು.

ಕೊನೆಯಲ್ಲಿ ಹಾಕುವ ಒಗ್ಗರಣೆ ಈ ಅಡುಗೆಯ ಗಡಿಯಲ್ಲಿದೆ. ಕೋಸಂಬರಿಗೂ ತಂಬುಳಿಗೂ ಅನೇಕ ಮನೆಗಳಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡುತ್ತಾರೆ. ಅದಿಲ್ಲದೆಯೂ ಇವೆರಡೂ ಪೂರ್ಣವೇ. ಒಗ್ಗರಣೆ ಬಿಟ್ಟಲ್ಲಿ ಪರಿಮಳದ ಹೊಣೆ ನಿಂಬೆ, ಶುಂಠಿ, ಕೊತ್ತಂಬರಿ ಸೊಪ್ಪು ಮತ್ತು ಹಸಿ ಎಣ್ಣೆಯದಾಗುತ್ತದೆ.

ಇತಿಹಾಸ

ಕನ್ನಡ ನಾಡಿನ ಹಳೆಯ ಗ್ರಂಥಗಳಲ್ಲಿ ಆಹಾರದ ಚರ್ಚೆ ವಿಸ್ತಾರವಾಗಿದೆ. 11ನೆಯ ಶತಮಾನದಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ ಜನಜೀವನಕ್ಕೆ ಬೇಕಾದ ಹಲವು ವಿದ್ಯೆಗಳ ಜೊತೆಗೆ ಅಡುಗೆಯನ್ನೂ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ, ಪಾನೀಯಭೋಗ ಎಂಬ ಪ್ರತ್ಯೇಕ ಭಾಗಗಳಿವೆ. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ ಪಾನಕಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಕುಡಿಯುವುದನ್ನು ಹದಮಾಡುವುದು ಅನ್ನ, ಪಲ್ಯಗಳ ಪಾಕದಷ್ಟೇ ಗೌರವದ ವಿದ್ಯೆ ಎಂದು ಈ ಗ್ರಂಥಕಾರರು ಎಣಿಸಿದ್ದರು.

ಪೂರ್ತಿ ಹಸಿ ಆಹಾರದಲ್ಲೇ ಬದುಕುವ ಪ್ರಯೋಗ ಬೇರೆಯದೇ ವಿಚಾರ. ಮಹಾತ್ಮ ಗಾಂಧೀಜಿ 1929ರಲ್ಲಿ ಮೊಳಕೆ ಕಟ್ಟಿದ ಗೋಧಿ, ಹಣ್ಣು, ಕಾಯಿಗಳಂಥ ಬೇಯಿಸದ ಆಹಾರವನ್ನಷ್ಟೇ ತೆಗೆದುಕೊಂಡು ಅದರ ಅನುಭವವನ್ನು ‘ಯಂಗ್ ಇಂಡಿಯಾ’ದಲ್ಲಿ ಬರೆದರು. ಆರೋಗ್ಯ ಕೆಟ್ಟ ಕಾರಣ ಕೆಲವೇ ತಿಂಗಳಲ್ಲಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ನಮ್ಮ ಮನೆಗಳ ಪರಂಪರೆ ಈ ದಾರಿಯದಲ್ಲ. ಅದು ಬೆಂದ ಊಟದ ಜೊತೆಗೆ ಬೇಯದ ಒಂದೆರಡು ಪದಾರ್ಥಗಳನ್ನು ಕೂಡಿಸುತ್ತದೆ. ಊಟದೆಲೆಗೆ ಮೊದಲು ಬೀಳುವ ಪದಾರ್ಥಗಳಲ್ಲಿ ಕೋಸಂಬರಿ ಇರುವುದು ಈ ಕ್ರಮದಿಂದಲೇ.

ಶಾಖದ ಕೆಲಸವನ್ನು ಮಾಡುವ ವಿಧಾನಗಳು

ಬೆಂಕಿ ಆಹಾರಕ್ಕೆ ಮುಖ್ಯವಾಗಿ ಮೂರು ಉಪಕಾರ ಮಾಡುತ್ತದೆ: ಮೆತ್ತಗಾಗಿಸುತ್ತದೆ, ರುಚಿ ಬಿಡಿಸುತ್ತದೆ, ರೋಗಾಣುಗಳನ್ನು ಕೊಲ್ಲುತ್ತದೆ. ಒಲೆ ಹಚ್ಚದಿದ್ದಾಗ ಈ ಮೂರಕ್ಕೂ ಬೇರೆ ಉಪಾಯ ಬೇಕು.

*ನೆನೆಸುವುದು ಮತ್ತು ಮೊಳಕೆ.* ಸಿಪ್ಪೆ ತೆಗೆದು ಒಡೆದ ಹೆಸರುಬೇಳೆ ತೆಳ್ಳಗಿರುವುದರಿಂದ ಸುಮಾರು ಒಂದು ಗಂಟೆಯಲ್ಲಿ ಹಲ್ಲಿಗೆ ಹದವಾಗುತ್ತದೆ. ಕಡಲೆಬೇಳೆಗೆ ಮೂರು ನಾಲ್ಕು ಗಂಟೆ ಬೇಕು. ಇಡೀ ಕಾಳು ಮೊಳಕೆ ಕಟ್ಟಿದಾಗ ಅದರಲ್ಲಿ ಸಿ ಜೀವಸತ್ವ ಹುಟ್ಟುತ್ತದೆ. ಖನಿಜಗಳು ಮೈಗೂಡದಂತೆ ತಡೆಯುವ ಫೈಟೇಟ್ ಅಂಶವೂ ಕಡಿಮೆಯಾಗುತ್ತದೆ.

*ಉಪ್ಪು.* ಉಪ್ಪು ತರಕಾರಿಯ ನೀರನ್ನು ಹೊರಗೆಳೆಯುತ್ತದೆ. ಹೆಚ್ಚಿದ ಈರುಳ್ಳಿ, ಮೂಲಂಗಿ, ಎಲೆಕೋಸಿಗೆ ಉಪ್ಪು ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಅವು ಬಾಡಿ ಮೆತ್ತಗಾಗುತ್ತವೆ. ಕೋಸಂಬರಿಗೆ ಬಡಿಸುವ ಹೊತ್ತಿಗೆ ಮಾತ್ರ ಉಪ್ಪು ಹಾಕಬೇಕೆನ್ನುವುದಕ್ಕೂ ಇದೇ ಕಾರಣ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಗರಿಮುರಿತನ ಹೋಗುತ್ತದೆ.

*ಹುಳಿ ಮತ್ತು ಹೆಪ್ಪು.* ನಿಂಬೆ, ಹುಣಸೆ, ಮಾವಿನಕಾಯಿ ಮತ್ತು ಮಜ್ಜಿಗೆ ರುಚಿ ಕೊಡುವುದರ ಜೊತೆಗೆ ಸೂಕ್ಷ್ಮಾಣುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತವೆ. ಉತ್ತರ ಕರ್ನಾಟಕದ ರಂಜಕವನ್ನು ಹಸಿಯಾದ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಮತ್ತು ಹುಳಿ ಸೇರಿಸಿ ಕುಟ್ಟಿ ಮಾಡುತ್ತಾರೆ. ಜಾಡಿಯಲ್ಲಿ ಕೆಲವು ದಿನ ಕಳಿತ ಮೇಲೆ ಅದಕ್ಕೆ ನಿಜವಾದ ರುಚಿ ಬರುತ್ತದೆ.

*ಕುಟ್ಟುವುದು ಮತ್ತು ರುಬ್ಬುವುದು.* ಒಣ ಸಾಸಿವೆಗೆ ಘಾಟಿಲ್ಲ. ನೀರು ಸೇರಿಸಿ ರುಬ್ಬಿದಾಗ ಅದರೊಳಗಿನ ಕಿಣ್ವ ಕೆಲಸ ಮಾಡಿ ಮೂಗಿಗೆ ಹತ್ತುವ ಖಾರ ಹುಟ್ಟುತ್ತದೆ. ಬಿಸಿ ತಾಗಿದರೆ ಈ ಕಿಣ್ವ ನಾಶವಾಗುತ್ತದೆ. ಆದ್ದರಿಂದ ಹಸಿ ಸಾಸಿವೆ ಅರೆದ ಪದಾರ್ಥದ ರುಚಿ ಒಗ್ಗರಣೆಯಿಂದ ಬರಲಾರದು.

*ಬಿಸಿಲು.* ಕರಾವಳಿಯಲ್ಲಿ ಪುನರ್ಪುಳಿಯ ಸಿಪ್ಪೆಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಬಿಸಿಲಿಗಿಟ್ಟರೆ ಕೆಂಪು ರಸ ಇಳಿಯುತ್ತದೆ. ಗುಲಾಬಿ ಎಸಳು ಮತ್ತು ಸಕ್ಕರೆಯಿಂದ ಗುಲ್ಕಂದ್ ಆಗುವುದೂ ಹೀಗೆಯೇ.

ಕೋಸಂಬರಿ, ಪಚಡಿ, ಸಾಸಿವೆ

ಹೆಸರುಬೇಳೆ ಕೋಸಂಬರಿ ಈ ವರ್ಗದಲ್ಲಿ ಎಲ್ಲಕ್ಕಿಂತ ಪರಿಚಿತ. ನಾಲ್ವರಿಗೆ ಅರ್ಧ ಬಟ್ಟಲು ಬೇಳೆಯನ್ನು ಎರಡು ಮೂರು ಸಲ ತೊಳೆದು ಒಂದು ಗಂಟೆ ನೆನೆಸಿ, ನೀರನ್ನು ಪೂರ್ತಿ ಬಸಿಯಬೇಕು. ಸಣ್ಣಗೆ ಹೆಚ್ಚಿದ ಒಂದು ಸೌತೆಕಾಯಿ, ಕಾಲು ಬಟ್ಟಲು ತೆಂಗಿನ ತುರಿ, ಒಂದು ಹಸಿಮೆಣಸಿನಕಾಯಿ ಮತ್ತು ಕೊತ್ತಂಬರಿ ಸೊಪ್ಪು ಬೆರೆಸಿ, ಬಡಿಸುವಾಗ ಅರ್ಧ ನಿಂಬೆಹಣ್ಣಿನ ರಸವನ್ನೂ ಉಪ್ಪನ್ನೂ ಸೇರಿಸಬೇಕು. ಸೌತೆಕಾಯಿಯ ಬದಲು ಕ್ಯಾರೆಟ್ ತುರಿ ಹಾಕಬಹುದು. ಮಾವಿನಕಾಯಿಯ ಕಾಲದಲ್ಲಿ ಕಡಲೆಬೇಳೆಗೆ ಅದರ ತುರಿ ಸೇರಿಸಿದರೆ ನಿಂಬೆ ಬೇಕಾಗುವುದಿಲ್ಲ.

ಉತ್ತರ ಕರ್ನಾಟಕದ ರೊಟ್ಟಿ ಊಟದಲ್ಲಿ ಹಸಿ ಪದಾರ್ಥಗಳಿಗೆ ದೊಡ್ಡ ಸ್ಥಾನವಿದೆ. ಮೆಂತ್ಯ ಸೊಪ್ಪು, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಸವತಿಕಾಯಿಗಳನ್ನು ಹಾಗೆಯೇ ಕಚ್ಚಿ ತಿನ್ನುತ್ತಾರೆ. ಇವನ್ನೇ ಸಣ್ಣಗೆ ಹೆಚ್ಚಿ ಗುರೆಳ್ಳು ಪುಡಿ ಅಥವಾ ಶೇಂಗಾ ಪುಡಿ, ಉಪ್ಪು, ಖಾರ ಮತ್ತು ಹಸಿ ಎಣ್ಣೆ ಹಾಕಿ ಕಲಸಿದರೆ ಪಚಡಿ. ಕಡಕ್ ರೊಟ್ಟಿ, ಪಚಡಿ, ಶೇಂಗಾ ಚಟ್ನಿ ಮತ್ತು ಗಟ್ಟಿ ಮೊಸರು ಕೂಡಿದರೆ ಆ ಹೊತ್ತಿಗೆ ಒಲೆಯ ಅಗತ್ಯವಿಲ್ಲದೆ ಊಟ ಮುಗಿಯುತ್ತದೆ.

ಕರಾವಳಿ ಮತ್ತು ಮಲೆನಾಡಿನ ಸಾಸಿವೆ ಹಣ್ಣಿನ ಸಿಹಿ, ಹುಳಿ, ಖಾರಗಳನ್ನು ಒಟ್ಟಿಗೆ ತರುವ ಪದಾರ್ಥ. ಒಂದು ಬಟ್ಟಲು ತೆಂಗಿನ ತುರಿ, ಅರ್ಧ ಚಮಚ ಸಾಸಿವೆ, ಒಂದೆರಡು ಒಣಮೆಣಸಿನಕಾಯಿಗಳನ್ನು ನುಣ್ಣಗೆ ರುಬ್ಬಿ, ಕಿವುಚಿದ ಕಾಟುಮಾವಿನ ಹಣ್ಣು ಅಥವಾ ಹೆಚ್ಚಿದ ಅನಾನಸಿಗೆ ಬೆಲ್ಲ, ಉಪ್ಪಿನೊಂದಿಗೆ ಬೆರೆಸುತ್ತಾರೆ.

ತಂಬುಳಿ ಮತ್ತು ಹಸಿ ಚಟ್ನಿ

ತಂಬುಳಿ ಮಲೆನಾಡು, ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡದ ಮನೆಗಳ ನಿತ್ಯದ ಪದಾರ್ಥ. ಒಂದೆಲಗ, ಶುಂಠಿ, ಮಾವಿನಶುಂಠಿಗಳ ತಂಬುಳಿಗೆ ಬೆಂಕಿ ಬೇಡ. ತೊಳೆದ ಒಂದು ಹಿಡಿ ಒಂದೆಲಗದ ಎಲೆ, ಅರ್ಧ ಬಟ್ಟಲು ತೆಂಗಿನ ತುರಿ, ಅರ್ಧ ಚಮಚ ಜೀರಿಗೆ, ಒಂದು ಹಸಿಮೆಣಸಿನಕಾಯಿಗಳನ್ನು ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆ ಮತ್ತು ಉಪ್ಪು ಬೆರೆಸಿದರೆ ಅನ್ನಕ್ಕೆ ಕಲಸಲೂ ಕುಡಿಯಲೂ ಆಗುತ್ತದೆ. ದೊಡ್ಡಪತ್ರೆಯಂಥ ಘಾಟಿನ ಎಲೆಗಳನ್ನು ಸಾಮಾನ್ಯವಾಗಿ ತುಪ್ಪದಲ್ಲಿ ಬಾಡಿಸುವ ರೂಢಿ ಇರುವುದರಿಂದ ಅವು ಈ ಗುಂಪಿಗೆ ಸೇರುವುದಿಲ್ಲ.

ತೆಂಗಿನ ತುರಿ, ಹುರಿಗಡಲೆ, ಹಸಿಮೆಣಸಿನಕಾಯಿ, ಶುಂಠಿ, ಹುಣಸೆ ಮತ್ತು ಉಪ್ಪು ಸೇರಿಸಿ ರುಬ್ಬಿದ ಕಾಯಿ ಚಟ್ನಿ ರಾಜ್ಯದ ಎಲ್ಲೆಡೆ ಇದೆ. ಹುಣಸೆ ರಸಕ್ಕೆ ಬೆಲ್ಲ, ಹಿಸುಕಿದ ಹಸಿಮೆಣಸಿನಕಾಯಿ, ಹೆಚ್ಚಿದ ಈರುಳ್ಳಿ ಹಾಕಿದರೆ ಹಸಿ ಗೊಜ್ಜು ಸಿದ್ಧ.

ಅವಲಕ್ಕಿ, ಮಂಡಕ್ಕಿ, ಹುರಿಹಿಟ್ಟು

ಅವಲಕ್ಕಿಯಲ್ಲಿ ತೆಳು ಮತ್ತು ಗಟ್ಟಿ ಎಂಬ ಭೇದವನ್ನು ಗಮನಿಸುವುದು ಅಗತ್ಯ. ತೆಳು ಅವಲಕ್ಕಿಗೆ ತೆಂಗಿನ ತುರಿಯ ತೇವವೇ ಸಾಕು. ಗಟ್ಟಿ ಅವಲಕ್ಕಿ ನೀರಿನಲ್ಲಿ ನೆನೆಯಬೇಕು.

ಕರಾವಳಿಯ ಕ್ರಮದಲ್ಲಿ ತೆಂಗಿನ ತುರಿ, ಬೆಲ್ಲ, ಸಾರಿನ ಪುಡಿ, ಉಪ್ಪು ಮತ್ತು ತೆಂಗಿನೆಣ್ಣೆಯನ್ನು ಮೊದಲು ಕೈಯಿಂದ ಹಿಸುಕಿ, ಆಮೇಲೆ ತೆಳು ಅವಲಕ್ಕಿ ಹಾಕಿ ಕಲಸುತ್ತಾರೆ. ಧಾರವಾಡದ ಕಡೆಯ ಹಚ್ಚಿದ ಅವಲಕ್ಕಿಯಲ್ಲಿ ಹಸಿ ಎಣ್ಣೆ, ಮೆಂತ್ಯ ಹಿಟ್ಟು, ಖಾರದ ಪುಡಿ, ಉಪ್ಪು ಮತ್ತು ಹೆಚ್ಚಿದ ಉಳ್ಳಾಗಡ್ಡಿ ಇರುತ್ತವೆ. ಮಹಾರಾಷ್ಟ್ರದ ದಡಪೆ ಪೋಹೆ ಇದಕ್ಕೆ ಹತ್ತಿರದ ನಂಟು. ಹಳೆ ಮೈಸೂರು ಭಾಗದ ಗೊಜ್ಜವಲಕ್ಕಿಗೆ ಗಟ್ಟಿ ಅವಲಕ್ಕಿಯನ್ನು ರವೆಯಂತೆ ತರಿಯಾಗಿ ಪುಡಿಮಾಡಿ, ಹುಣಸೆ ರಸ, ಬೆಲ್ಲ, ಸಾರಿನ ಪುಡಿ ಕದಡಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕೊಬ್ಬರಿ ತುರಿ ಸೇರಿಸಬೇಕು. ಸಾಮಾನ್ಯವಾಗಿ ಇದಕ್ಕೆ ಕಡಲೆಕಾಯಿ ಬೀಜದ ಒಗ್ಗರಣೆ ಹಾಕುತ್ತಾರೆ. ಒಲೆ ಬೇಡವೆಂದರೆ ಮೊದಲೇ ಹುರಿದಿಟ್ಟ ಬೀಜವನ್ನು ಸೇರಿಸಿದರೆ ಸಾಕು. ಮೊಸರವಲಕ್ಕಿ, ಬೆಲ್ಲ ಬೆರೆಸಿದ ಸಿಹಿ ಅವಲಕ್ಕಿ ಎರಡೂ ಹತ್ತು ನಿಮಿಷದ ಕೆಲಸ. ಬಿಹಾರದಲ್ಲಿ ಮಕರ ಸಂಕ್ರಾಂತಿಯಂದು ತಿನ್ನುವ ದಹಿ ಚೂಡಾ ನಮ್ಮ ಮೊಸರವಲಕ್ಕಿಯ ಸಿಹಿ ರೂಪ.

ಮಂಡಕ್ಕಿಗೆ ದಾವಣಗೆರೆ ಹೆಸರಾದ ಊರು. ಮಂಡಕ್ಕಿ, ಕ್ಯಾರೆಟ್ ತುರಿ, ಈರುಳ್ಳಿ, ಟೊಮೆಟೊ, ಕೊತ್ತಂಬರಿ ಸೊಪ್ಪು, ಖಾರದ ಪುಡಿ, ನಿಂಬೆ ಮತ್ತು ಸ್ವಲ್ಪ ತೆಂಗಿನೆಣ್ಣೆ ಕಲಸಿದರೆ ಚುರುಮುರಿ. ಕಲಸಿದ ತಕ್ಷಣ ತಿನ್ನಬೇಕು, ಇಲ್ಲವಾದರೆ ಮಂಡಕ್ಕಿ ಮೆತ್ತಗಾಗುತ್ತದೆ. ಅರಳಿಸಿದ ರಾಗಿಯ ಹುರಿಹಿಟ್ಟನ್ನು ಹಾಲು ಅಥವಾ ಮಜ್ಜಿಗೆಯಲ್ಲಿ ಕಲಸಿ, ಬೆಲ್ಲ, ಕಾಯಿತುರಿ ಸೇರಿಸಿದರೆ ಮಕ್ಕಳಿಗೂ ದುಡಿಯುವವರಿಗೂ ತಕ್ಕ ಉಪಾಹಾರ. ಬಿಹಾರದ ಸತ್ತು ಇದೇ ಜಾತಿಯದು, ಅಲ್ಲಿ ರಾಗಿಯ ಸ್ಥಾನದಲ್ಲಿ ಹುರಿದ ಕಡಲೆಯಿದೆ.

ಸಿಹಿ ತಿನಿಸುಗಳು

ಬಾಳೆಹಣ್ಣಿನ ರಸಾಯನಕ್ಕೆ ಒಂದು ತೆಂಗಿನಕಾಯಿಯ ಗಟ್ಟಿ ಹಾಲು ಹಿಂಡಿ, ಅದರಲ್ಲಿ ಬೆಲ್ಲ ಕರಗಿಸಿ ಸೋಸಿ, ಏಲಕ್ಕಿ ಪುಡಿ ಮತ್ತು ಹೆಚ್ಚಿದ ಹಣ್ಣು ಸೇರಿಸಬೇಕು. ಕುದಿಸಿದರೆ ಕಾಯಿಹಾಲು ಒಡೆಯುವ ಭಯವಿರುತ್ತದೆ. ಹಸಿಯಾಗಿ ಬಳಸಿದಾಗ ಅದರ ನಯ ಪೂರ್ತಿ ಉಳಿಯುತ್ತದೆ. ಬೇಸಿಗೆಯಲ್ಲಿ ಕರಬೂಜದ ರಸಾಯನ ರೂಢಿಯಲ್ಲಿದೆ. ಮಾಗಿದ ಮಾವಿನ ತಿರುಳನ್ನು ಹಾಲು, ಸಕ್ಕರೆ, ಏಲಕ್ಕಿಯೊಡನೆ ಕಲಸಿದ ಸೀಕರಣೆ ಉತ್ತರ ಕರ್ನಾಟಕದಲ್ಲಿ ಹೋಳಿಗೆ, ಚಪಾತಿಗಳ ಜೊತೆಗಾರ. ಭೌಗೋಳಿಕ ಸೂಚನೆಯ ಮಾನ್ಯತೆ ಪಡೆದ ನಂಜನಗೂಡು ರಸಬಾಳೆಯಂಥ ಪರಿಮಳದ ಹಣ್ಣು ಸಿಕ್ಕಾಗ ಸಕ್ಕರೆಯನ್ನು ಕಡಿಮೆ ಮಾಡುವುದೇ ಸರಿ.

ಪಾನೀಯಗಳು

ಬೆಲ್ಲದ ಪಾನಕಕ್ಕೆ ಒಂದು ಲೀಟರ್ ನೀರಿಗೆ ಸುಮಾರು 150 ಗ್ರಾಂ ಬೆಲ್ಲ, ಒಂದು ನಿಂಬೆಹಣ್ಣಿನ ರಸ, ಅರ್ಧ ಚಮಚ ಒಣಶುಂಠಿ ಪುಡಿ, ನಾಲ್ಕು ಏಲಕ್ಕಿ, ನಾಲ್ಕೈದು ಕಾಳುಮೆಣಸಿನ ಪುಡಿ ಮತ್ತು ಒಂದು ಚಿಟಿಕೆ ಉಪ್ಪು ಸಾಕು. ಬೆಲ್ಲದಲ್ಲಿ ಕಸವಿರುವುದರಿಂದ ಕರಗಿಸಿ ಸೋಸುವುದು ಕಡ್ಡಾಯ. ಬೇಲದ ಹಣ್ಣಿನ ತಿರುಳಿಗೆ ಬೆಲ್ಲ ಕಿವುಚಿದ ಪಾನಕವೂ ಜನಪ್ರಿಯ.

ನೀರು ಮಜ್ಜಿಗೆಗೆ ಒಂದು ಲೋಟ ಮೊಸರಿಗೆ ಮೂರು ಲೋಟ ನೀರು ಸೇರಿಸಿ ಕಡೆದು, ಜಜ್ಜಿದ ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಇಂಗು, ಉಪ್ಪು ಹಾಕುತ್ತಾರೆ. ರಾಗಿ ಹಾಲಿಗೆ ರಾತ್ರಿಯಿಡೀ ನೆನೆಸಿದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಬೆಲ್ಲ ಮತ್ತು ಏಲಕ್ಕಿ ಬೆರೆಸುತ್ತಾರೆ. ಎಳ್ಳನ್ನು ನೆನೆಸಿ ರುಬ್ಬಿ ಮಾಡುವ ಎಳ್ಳಿನ ಪಾನಕ, ಲಾವಂಚದ ಬೇರು ಹಾಕಿಟ್ಟ ಮಣ್ಣಿನ ಹೂಜಿಯ ನೀರು, ಪುನರ್ಪುಳಿ ಶರಬತ್ತು ಬೇಸಿಗೆಯ ಇತರ ಪಾನೀಯಗಳು.

ಹಬ್ಬ ಮತ್ತು ಆಚರಣೆ

ಚೈತ್ರದ ಬಿಸಿಲಿನಲ್ಲಿ ಬರುವ ರಾಮನವಮಿಯಂದು ಪಾನಕ, ಮಜ್ಜಿಗೆ, ಕೋಸಂಬರಿ ಹಂಚುವುದು ನಾಡಿನಾದ್ಯಂತ ನಡೆಯುವ ಸಂಪ್ರದಾಯ. ದಾರಿಹೋಕರಿಗೆ ನೀರುಣಿಸುವ ಅರವಟಿಗೆಯ ಧರ್ಮವೂ ಇದರೊಂದಿಗೆ ಬೆಸೆದುಕೊಂಡಿದೆ. ನಾಗರಪಂಚಮಿಯಂದು ಒಲೆಯ ಮೇಲೆ ಹಂಚು, ಬಾಣಲೆ ಇಡಬಾರದೆಂಬ ಕಟ್ಟಳೆ ಅನೇಕ ಮನೆಗಳಲ್ಲಿದೆ. ನೆನೆಸಿ ಆರಿಸಿದ ಅಕ್ಕಿಯ ಹಿಟ್ಟಿಗೆ ಬೆಲ್ಲ ಸೇರಿಸಿದ ಹಸಿ ತಂಬಿಟ್ಟು, ಎಳ್ಳು ಬೆಲ್ಲ ಕುಟ್ಟಿ ಕಟ್ಟಿದ ಚಿಗಳಿ ಆ ದಿನದ ನೈವೇದ್ಯ. ಗೋಕುಲಾಷ್ಟಮಿಗೆ ಅವಲಕ್ಕಿ ಮತ್ತು ಬೆಣ್ಣೆ, ಗಣಪತಿಗೆ ಪಂಚಕಜ್ಜಾಯ, ಯುಗಾದಿಗೆ ಬೇವುಬೆಲ್ಲ, ಸಂಕ್ರಾಂತಿಗೆ ಎಳ್ಳುಬೆಲ್ಲ ಸಲ್ಲುತ್ತವೆ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಕೂಡಿದ ಪಂಚಾಮೃತ ಅಭಿಷೇಕಕ್ಕೂ ತೀರ್ಥಕ್ಕೂ ಬಳಕೆಯಾಗುತ್ತದೆ.

ಇತರ ದೇಶಗಳಲ್ಲಿ

ಸ್ಪೇನಿನ ಆಂಡಲೂಸಿಯಾ ಪ್ರಾಂತದ ಗಜ್‌ಪಾಚೊ ಟೊಮೆಟೊ, ಸೌತೆಕಾಯಿ, ಬೆಳ್ಳುಳ್ಳಿ, ಬ್ರೆಡ್ಡು, ಆಲಿವ್ ಎಣ್ಣೆ ರುಬ್ಬಿದ ತಣ್ಣನೆಯ ಸಾರು. ಪೆರುವಿನ ಸೆವಿಚೆಯಲ್ಲಿ ಹಸಿ ಮೀನನ್ನು ನಿಂಬೆರಸದಲ್ಲಿ ನೆನೆಸುತ್ತಾರೆ. 2023ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹುಳಿಯಿಂದ ಮೀನಿನ ಬಣ್ಣ ಮತ್ತು ಗಟ್ಟಿತನ ಬೆಂದಂತೆ ಬದಲಾದರೂ ರೋಗಾಣುಗಳೆಲ್ಲ ಸಾಯುವುದಿಲ್ಲ. ಸ್ವಿಟ್ಜರ್ಲೆಂಡಿನ ವೈದ್ಯ ಬಿರ್ಷರ್ ಬೆನ್ನರ್ 1900ರ ಸುಮಾರಿಗೆ ತನ್ನ ರೋಗಿಗಳಿಗಾಗಿ ರೂಪಿಸಿದ ಮ್ಯೂಸ್ಲಿಯಲ್ಲಿ ನೆನೆಸಿದ ಓಟ್ಸ್, ಸೇಬಿನ ತುರಿ, ಬೀಜಗಳು ಮತ್ತು ನಿಂಬೆರಸ ಇದ್ದವು.

ಪೋಷಣೆ

ಸಿ ಜೀವಸತ್ವ ಶಾಖಕ್ಕೆ ನಾಶವಾಗುತ್ತದೆ, ಬೇಯಿಸಿದ ನೀರಿನಲ್ಲೂ ಸೋರಿಹೋಗುತ್ತದೆ. ನಿಂಬೆ, ಕೊತ್ತಂಬರಿ, ಹಸಿಮೆಣಸಿನಕಾಯಿಗಳನ್ನು ಹಸಿಯಾಗಿ ತಿಂದರೆ ಅದು ಉಳಿಯುತ್ತದೆ. ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣ ಮೈಗೂಡಲು ಇದೇ ಜೀವಸತ್ವ ನೆರವಾಗುವುದರಿಂದ ಕೋಸಂಬರಿಗೆ ನಿಂಬೆ ಹಿಂಡುವ ರೂಢಿ ಅರ್ಥಪೂರ್ಣ. ಹಾಗೆಂದು ಹಸಿಯೆಲ್ಲವೂ ಬೆಂದದ್ದಕ್ಕಿಂತ ಮೇಲಲ್ಲ. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್, ಟೊಮೆಟೊದ ಲೈಕೊಪಿನ್ ಬೆಂದಾಗ ದೇಹಕ್ಕೆ ಹೆಚ್ಚು ದೊರೆಯುತ್ತವೆ. ಪಿಷ್ಟವೂ ಬೆಂದಾಗಲೇ ಸುಲಭವಾಗಿ ಜೀರ್ಣವಾಗುತ್ತದೆ.

ಎಚ್ಚರಿಕೆಗಳು

ಬೆಂಕಿಯ ರಕ್ಷಣೆ ಇಲ್ಲದಿರುವುದರಿಂದ ಇಲ್ಲಿ ಶುಚಿತ್ವವೇ ಮೊದಲ ಪಾಠ. ಕೈ, ಚಾಕು, ಮಣೆ, ಮಿಕ್ಸಿ ಜಾರು ತೊಳೆದಿರಬೇಕು. ಪಾನಕ ಮಜ್ಜಿಗೆಗಳಿಗೆ ಕುದಿಸಿ ಆರಿಸಿದ ಅಥವಾ ಶುದ್ಧೀಕರಿಸಿದ ನೀರೇ ಬೇಕು. ಹಸಿ ಹಾಲನ್ನು ಬಳಸದೆ, ಪಾಶ್ಚರೀಕರಿಸಿದ ಅಥವಾ ಕಾಯಿಸಿ ಆರಿಸಿದ ಹಾಲನ್ನು ಬಳಸಬೇಕು. ಕಾಯಿತುರಿ ಬೆರೆತ ಪದಾರ್ಥ ಬೇಸಿಗೆಯಲ್ಲಿ ಬೇಗ ಹಳಸುವುದರಿಂದ ಎರಡು ಗಂಟೆಯೊಳಗೆ ತಿಂದು ಮುಗಿಸುವುದು ಒಳ್ಳೆಯದು.

ಮೊಳಕೆ ಬರುವ ಬೆಚ್ಚನೆಯ ತೇವ ರೋಗಾಣುಗಳಿಗೂ ಹಿತ. 2011ರಲ್ಲಿ ಜರ್ಮನಿಯಲ್ಲಿ ಕಲುಷಿತ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿಗೆ ಐವತ್ತರಷ್ಟು ಜನ ಬಲಿಯಾದರು. ಗರ್ಭಿಣಿಯರು, ಪುಟ್ಟ ಮಕ್ಕಳು, ವೃದ್ಧರು, ರೋಗನಿರೋಧಕ ಶಕ್ತಿ ಕುಂದಿದವರು ಮೊಳಕೆಕಾಳನ್ನು ಬೇಯಿಸಿಯೇ ತಿನ್ನಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಬಾರದು. ಅದರಲ್ಲಿರಬಹುದಾದ ಬಾಟುಲಿಸಂ ಬೀಜಾಣು ಮಗುವಿಗೆ ಅಪಾಯಕರ.

ಕೆಲವು ಪದಾರ್ಥಗಳನ್ನು ಬೆಂಕಿಯಿಲ್ಲದೆ ಮುಟ್ಟಲೇಬಾರದು. ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಾಂಶದಿಂದಾಗಿ ನಾಲ್ಕೈದು ಹಸಿ ಕಾಳು ತಿಂದರೂ ವಾಂತಿಭೇದಿ ಆಗಬಹುದು. ಮರಗೆಣಸಿನಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಕೆಸು, ಸುವರ್ಣಗಡ್ಡೆಗಳಲ್ಲಿರುವ ಆಕ್ಸಲೇಟ್ ಹರಳುಗಳು ಬಾಯಿ ಗಂಟಲು ತುರಿಸುತ್ತವೆ. ಹಸಿ ಅಕ್ಕಿಹಿಟ್ಟು, ಗೋಧಿಹಿಟ್ಟುಗಳಲ್ಲೂ ರೋಗಾಣು ಇರಬಹುದಾದ್ದರಿಂದ ಹಸಿ ತಂಬಿಟ್ಟನ್ನು ನೈವೇದ್ಯದ ಪ್ರಮಾಣಕ್ಕೆ ಸೀಮಿತಗೊಳಿಸುವುದು ಲೇಸು.

ಇಂದಿನ ಬಳಕೆ

ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಬೆಂಕಿಯಿಲ್ಲದ ಅಡುಗೆ ಸ್ಪರ್ಧೆ ಈಗ ಸಾಮಾನ್ಯ. ಅಲ್ಲಿ ಬಿಸ್ಕತ್ತು, ಚಾಕೊಲೇಟು, ಕೆನೆಯ ತಿನಿಸುಗಳೇ ಹೆಚ್ಚಾಗಿ ಕಾಣುತ್ತವೆ. ಕೋಸಂಬರಿ, ಪಚಡಿ, ಗೊಜ್ಜವಲಕ್ಕಿ, ತಂಬುಳಿಗಳಿಗೆ ಅದೇ ಮೇಜಿನ ಮೇಲೆ ಜಾಗ ಸಿಗಬೇಕು. ಇವುಗಳ ಖರ್ಚು ಕಡಿಮೆ, ಪೋಷಣೆ ಹೆಚ್ಚು, ಸುಡುವ ಅಪಾಯವಿಲ್ಲ. ಅಡುಗೆ ಹುಡುಗಿಯರ ಕೆಲಸ ಎಂಬ ಹಳೆಯ ಎಣಿಕೆಯನ್ನು ಬಿಟ್ಟು, ಹುಡುಗ ಹುಡುಗಿ ಇಬ್ಬರಿಗೂ ಒಲೆ ಹಚ್ಚುವುದಕ್ಕೆ ಮೊದಲೇ ತೊಳೆಯುವುದು, ಅಳೆಯುವುದು, ಹದ ನೋಡುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಮನೆಯ ಮಕ್ಕಳಿಗೆ ಮೊದಲು ಹೆಸರುಬೇಳೆ ಕೋಸಂಬರಿಯನ್ನೇ ಕಲಿಸಿರಿ.